ಮೂತಿಗೆ ಕಲ್ಲೇಟು: ಸ್ಪೋರ್ಟ್ಸ್ ಕಾರಿನ ಬಣ್ಣ ಉಳಿಸಿಕೊಳ್ಳುವ ಬಗೆ

ಬಾನೆಟ್ಟಿನ ಮುಂದಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ದೂರದಿಂದ ನೋಡಿದರೆ ಧೂಳೋ, ಹುಳು ಬಡಿದ ಗುರುತೋ ಅನಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ, ಅದು ಚುಕ್ಕೆಯಲ್ಲ, ಗುಂಡಿ. ಸುತ್ತ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಒಡೆದು ಬಿಳಿಚಿಕೊಂಡ ಅಂಚು, ಅದರೊಳಗೆ ಬಣ್ಣದ ತೆಳು ಉಂಗುರ, ಇನ್ನೂ ಒಳಗೆ ಪ್ರೈಮರಿನ ಬೂದು, ನಟ್ಟನಡುವೆ ಕೆಲವೊಮ್ಮೆ ಲೋಹದ ಮಿನುಗು.

ಇಷ್ಟೆಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿ ಮೇಲಿನ ಕ್ಲಿಯರ್ ಕೋಟಿನ ಪಾಲು 40–50 ಮೈಕ್ರಾನ್. ಮುಂದಿನ ಗಾಡಿಯ ಚಕ್ರ ಎಬ್ಬಿಸಿದ ಜಲ್ಲಿ ಚೂರಿಗೆ ನಮ್ಮ ಕಾರೇ ಓಡಿ ಹೋಗಿ ಡಿಕ್ಕಿ ಹೊಡೆಯುತ್ತದೆ. ಏಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60 ಕಿ.ಮೀ. ವೇಗದಲ್ಲಿ ಬಿದ್ದ ಏಟಿಗಿಂತ 120ರಲ್ಲಿ ಬೀಳುವ ಏಟು ನಾಲ್ಕು ಪಟ್ಟು. ಸ್ಪೋರ್ಟ್ಸ್ ಕಾರಿನ ಮೂತಿ ನೆಲಕ್ಕೆ ಹತ್ತಿರ, ಟೈರು ಅಗಲ, ರಬ್ಬರು ಮೆತು. ಬಿಸಿಯಾದ ಟೈರು ಕಲ್ಲನ್ನು ಅಂಟಿಸಿಕೊಂಡು ತನ್ನದೇ ಕಾರಿನ ಹಿಂಬದಿಯ ಮೈಗೆ ಎಸೆಯುತ್ತದೆ. ಹೀಗಾಗಿ ಈ ಕಾರುಗಳಿಗೆ ಕಲ್ಲೇಟು ತಪ್ಪಿದ್ದಲ್ಲ. ತಡೆಯಬೇಕಾದದ್ದು ಏಟು ಬಣ್ಣದವರೆಗೆ ಇಳಿಯುವುದನ್ನು.

ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ

ಮೊದಲು ಒಂದು ತಪ್ಪು ನಂಬಿಕೆ ಬಿಡಬೇಕು. ಸೆರಾಮಿಕ್ ಕೋಟಿಂಗ್ ಕಲ್ಲೇಟನ್ನು ತಡೆಯುವುದಿಲ್ಲ. ಅದರ ದಪ್ಪ ಒಂದೆರಡು ಮೈಕ್ರಾನ್. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹೊಳಪು ನಿಲ್ಲುತ್ತದೆ. ಕಲ್ಲಿನ ಮುಂದೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವ್ಯಾಕ್ಸ್, ಸೀಲಂಟುಗಳ ಪಾಡೂ ಇದೇ. ಬಣ್ಣ ಬದಲಿಸಲು ಹಾಕುವ ವಿನೈಲ್ ರ‍್ಯಾಪ್ ಸುಮಾರು 100 ಮೈಕ್ರಾನ್ ದಪ್ಪವಿದ್ದು ಸಣ್ಣ ಮರಳಿಗೆ ಪರವಾಗಿಲ್ಲ, ಆದರೆ ಅದು ಹಿಗ್ಗಿ ಮರಳಿ ಕುಗ್ಗುವಂಥದ್ದಲ್ಲ. ಕಲ್ಲು ಹರಿದುಕೊಂಡು ಹೋಗುತ್ತದೆ. ಮೂತಿಗೆ ಕಟ್ಟುವ ಚರ್ಮದಂಥ ಹೊದಿಕೆಯಂತೂ ಬೇಡವೇ ಬೇಡ. ಅದರಡಿ ಸೇರಿದ ಮರಳು ಗಾಳಿಗೆ ಅಲುಗಿ ಅಲುಗಿ ಬಣ್ಣವನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ, ತೇವವೂ ಒಳಗೇ ಕೂರುತ್ತದೆ.

ಉಳಿಯುವುದು ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ರೂಢಿಯಲ್ಲಿ ಪಿಪಿಎಫ್. ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನಿನಿಂದ ಮಾಡಿದ ಪಾರದರ್ಶಕ ಹಾಳೆ ಇದು. ಅಂಟು ಮತ್ತು ಮೇಲ್ಪದರ ಸೇರಿ ಸುಮಾರು 150ರಿಂದ 200 ಮೈಕ್ರಾನ್ ದಪ್ಪ. ಕಾರಿನ ಬಣ್ಣದ ಎಲ್ಲ ಪದರ ಸೇರಿದರೂ ಇದರಷ್ಟು ದಪ್ಪವಿಲ್ಲ. ಕಲ್ಲು ಬಡಿದಾಗ ಹಾಳೆ ಕ್ಷಣಮಾತ್ರ ತಗ್ಗಿ, ಏಟನ್ನು ಸುತ್ತಲಿನ ಜಾಗಕ್ಕೆ ಹಂಚಿ, ಮತ್ತೆ ಮೇಲೇಳುತ್ತದೆ. ಹೆಲಿಕಾಪ್ಟರಿನ ರೆಕ್ಕೆಯಂಚನ್ನು ಮರಳಿನಿಂದ ಕಾಯಲು ಬಂದ ಪಾಲಿಯುರೆಥೇನ್ ಟೇಪೇ ಇದರ ಮೂಲ. ಮೇಲ್ಪದರದ ಸಣ್ಣ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ತಾವಾಗಿ ಮುಚ್ಚಿಕೊಳ್ಳುತ್ತವೆ. ಹಾಳೆ ಹರಿದರೆ ಮಾತ್ರ ಯಾವ ಬಿಸಿಯೂ ಅದನ್ನು ಕೂಡಿಸುವುದಿಲ್ಲ. ಆ ಭಾಗದ ಹಾಳೆಯನ್ನೇ ಬದಲಿಸಬೇಕು.

ಎಲ್ಲೆಲ್ಲಿ ಬೇಕು

ಮುಂದಿನ ಬಂಪರ್, ಪೂರ್ತಿ ಬಾನೆಟ್, ಎರಡು ಫೆಂಡರ್, ಕನ್ನಡಿಗಳ ಹೊರಕವಚ, ಹೆಡ್‌ಲ್ಯಾಂಪ್, ವಿಂಡ್‌ಶೀಲ್ಡಿನ ಎರಡು ಬದಿಯ ಕಂಬ: ಇಷ್ಟು ಮುಂಭಾಗದ ಲೆಕ್ಕ. ಇದರ ಜತೆಗೆ ಬಾಗಿಲಿನ ಕೆಳಗಿನ ಸಿಲ್ ಮತ್ತು ಹಿಂಚಕ್ರದ ಎದುರಿಗೆ ಉಬ್ಬಿ ನಿಂತ ಭಾಗವನ್ನು ಮರೆಯಬಾರದು. ಪೋರ್ಶೆ 911ರಂಥ ಅಗಲ ಸೊಂಟದ ಕಾರುಗಳಲ್ಲಿ ಅಲ್ಲಿಗೆ ಕಾರ್ಖಾನೆಯಿಂದಲೇ ಒಂದು ಸಣ್ಣ ಪಾರದರ್ಶಕ ತುಂಡು ಅಂಟಿಸಿ ಕಳಿಸುವುದುಂಟು. ಮುಂಚಕ್ರ ಎಸೆದ ಕಲ್ಲು ನೇರ ಬಡಿಯುವ ಜಾಗ ಅದು.

ಬಾನೆಟ್ಟಿನ ಮುಂದಿನ ಅರ್ಧಕ್ಕಷ್ಟೇ ಫಿಲ್ಮ್ ಹಾಕಿಸುವವರಿದ್ದಾರೆ. ಹಾಳೆ ಕಡಿಮೆ ಸಾಕು ನಿಜ, ಆದರೆ ನಡುಮಧ್ಯೆ ಬರುವ ಅಂಚಿನಲ್ಲಿ ಕೊಳೆ ಮತ್ತು ವ್ಯಾಕ್ಸ್ ಸೇರಿ ಗೆರೆಯಾಗಿ ಎದ್ದು ಕಾಣುತ್ತದೆ. ಗಾಢ ಬಣ್ಣದ ಕಾರಿನಲ್ಲಿ ಕೆಲವೇ ವರ್ಷಗಳಲ್ಲಿ ಗೆರೆಯ ಆಚೆ ಒಂದು ಬಣ್ಣ, ಈಚೆ ಒಂದು ಬಣ್ಣ. ಹಾಕಿಸುವುದಾದರೆ ಒಂದು ಪ್ಯಾನೆಲಿಗೆ ಪೂರ್ತಿ ಹಾಕಿಸುವುದೇ ಸರಿ.

ಬಂಪರಿನ ಪಾರ್ಕಿಂಗ್ ಸೆನ್ಸರ್‌ಗಳ ಮೇಲೆ ಹಾಳೆ ಬರಬಾರದು. ಗುಂಡಗೆ ಕತ್ತರಿಸಿ ಬಿಡಬೇಕು. ಲಾಂಛನದ ಹಿಂದೆಯೋ ಗ್ರಿಲ್ಲಿನಲ್ಲೋ ರೇಡಾರ್ ಇದ್ದರೆ ಅದರ ಮೇಲೆ ಹಾಳೆ ಹಾಕಬಹುದೇ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಹಾಳೆಗಿಂತ ಮೊದಲ ಕೆಲಸ

ನಿಜವಾದ ಶ್ರಮ ಇರುವುದು ಇಲ್ಲಿ. ಹಾಳೆಯ ಕೆಳಗೆ ಏನು ಸಿಕ್ಕಿಹಾಕಿಕೊಂಡರೂ ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಮೇಲಿನ ಹೊಳಪು ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಪ್ಯಾನೆಲಿಗೆ ಇತ್ತೀಚೆಗೆ ಮರುಬಣ್ಣ ಆಗಿದ್ದರೆ ಕಾಯಲೇಬೇಕು. ಹೊಸ ಬಣ್ಣದಿಂದ ದ್ರಾವಕ ಆವಿಯಾಗುತ್ತಿರುತ್ತದೆ. ಹಾಳೆ ಮುಚ್ಚಿದರೆ ಅದು ಹೊರಹೋಗಲಾಗದೆ ಗುಳ್ಳೆ ಏಳುತ್ತದೆ. ಬಣ್ಣದ ಬಗೆ, ಒಣಗಿಸಿದ ರೀತಿ ನೋಡಿಕೊಂಡು 30ರಿಂದ 90 ದಿನ ಬಿಡುವುದು ರೂಢಿ. ಹಳೆಯ ಕಾರಾದರೆ ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿ. ಒಂದು ಫೆಂಡರ್ 120 ತೋರಿಸಿ ಪಕ್ಕದ್ದು 250 ತೋರಿಸಿದರೆ ಅದಕ್ಕೆ ಮರುಬಣ್ಣ ಆಗಿದೆ ಎಂದೇ ಲೆಕ್ಕ. ಸರಿಯಾಗಿ ಹಿಡಿಯದ ಮರುಬಣ್ಣ ಮುಂದೆ ಹಾಳೆ ತೆಗೆಯುವಾಗ ಅದರೊಂದಿಗೇ ಎದ್ದು ಬರುತ್ತದೆ. ಮಾಮೂಲಿ ಗೇಜ್ ಲೋಹದ ಮೇಲಷ್ಟೇ ಓದುತ್ತದೆ. ಪ್ಲಾಸ್ಟಿಕ್ ಬಂಪರ್, ಕಾರ್ಬನ್ ಫೈಬರ್ ಬಾನೆಟ್ಟಿನ ಮೇಲೆ ಅದು ಕೆಲಸಕ್ಕೆ ಬಾರದು.

ತೊಳೆಯುವುದು ಎರಡು ಬಕೆಟ್ಟಿನಲ್ಲಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರಿ ನೀರು. ಬಳಿಕ ಡಾಂಬರಿನ ಕಲೆಗೆ ಟಾರ್ ರಿಮೂವರ್, ಬ್ರೇಕಿನ ಕಬ್ಬಿಣದ ಪುಡಿಗೆ ಐರನ್ ರಿಮೂವರ್. ಕಬ್ಬಿಣ ಇದ್ದಲ್ಲೆಲ್ಲ ಅದು ನೇರಳೆಗೆ ತಿರುಗುತ್ತದೆ. ಪೂರ್ತಿ ಒಣಗುವ ಮೊದಲೇ ತೊಳೆದುಬಿಡಬೇಕು. ಆಮೇಲೆ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಅಂಟಿದ ತರಿಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತುವಾದ ಮುದ್ದೆ. ತೆಳು ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ಬಾನೆಟ್ ಸವರಿದರೆ ಬರಿಗೈಗೆ ಸಿಗದ ತರಿಯೂ ಬೆರಳಿಗೆ ಸಿಗುತ್ತದೆ. ತರಿ ಸಿಗುವುದು ನಿಲ್ಲುವವರೆಗೂ ಕ್ಲೇ ಬಿಡಬೇಡಿ.

ಈಗಾಗಲೇ ಬಿದ್ದ ಗುಂಡಿಗಳನ್ನು ಮುಚ್ಚುವ ಸರದಿ ಇನ್ನು. ಉಕ್ಕಿನ ಪ್ಯಾನೆಲಿನಲ್ಲಿ ತುಕ್ಕು ಕಂಡರೆ ಸೂಜಿಮೊನೆಯಿಂದ ಕೆರೆದು ತೆಗೆದು, ಬರಿ ಲೋಹಕ್ಕೆ ಒಂದು ಚುಕ್ಕೆ ಪ್ರೈಮರ್ ಕೊಡಿ. ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಬರುವುದಿಲ್ಲವಾದರೂ ಬಿಳಿ ಪುಡಿಯಾಗಿ ಬಣ್ಣದಡಿ ಹಬ್ಬುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಕಾರಿನ ಬಣ್ಣದ ಕೋಡಿಗೆ ಹೊಂದುವ ಟಚ್-ಅಪ್ ಪೇಂಟನ್ನು ಸಣ್ಣ ಕುಂಚದ ತುದಿಯಿಂದ ಗುಂಡಿಯೊಳಗೆ ಮಾತ್ರ ಇಳಿಬಿಡಿ. ಒಮ್ಮೆಲೇ ತುಂಬಲು ಹೋದರೆ ಒಣಗಿದಾಗ ನಡುವೆ ತಗ್ಗಾಗುತ್ತದೆ. ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲ ಒಣಗಿದ ಮೇಲೆ. ಕೊನೆಗೆ ಉಬ್ಬು ಉಳಿದರೆ 2500–3000 ಗ್ರಿಟ್ ಉಪ್ಪುಕಾಗದದಲ್ಲಿ ಒದ್ದೆಯಾಗಿ ಸಮ ಮಾಡಿ ಪಾಲಿಶ್ ಕೊಡಬೇಕು. ಉಬ್ಬನ್ನು ಹಾಗೇ ಬಿಟ್ಟರೆ ಹಾಳೆ ಅದರ ಸುತ್ತ ಕೂರದೆ ಗಾಳಿಯ ಉಂಗುರ ಉಳಿಯುತ್ತದೆ. ಪಾಲಿಶಿನ ಎಣ್ಣೆ ಹೋಗುವಂತೆ ಇಡೀ ಪ್ಯಾನೆಲನ್ನು ಆಲ್ಕೊಹಾಲಿನಿಂದ ಒರೆಸಿ, ಅಂಚಿನ ಒಳಮಗ್ಗುಲನ್ನೂ ಸೇರಿಸಿ. ಹಾಳೆ ಮೊದಲು ಏಳುವುದು ಯಾವಾಗಲೂ ಅಲ್ಲಿಂದ.

ಜಾಗ ಮತ್ತು ದ್ರಾವಣ

ಗಾಳಿಯಾಡದ, ಬೆಳಕು ಚೆನ್ನಾಗಿರುವ ಶೆಡ್ ಬೇಕು. ಉಷ್ಣತೆ 20–25 ಡಿಗ್ರಿ ಇದ್ದರೆ ಚೆಂದ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ನೂಲು ಬಿಡುವ ಬಟ್ಟೆ ತೊಟ್ಟು ಈ ಕೆಲಸಕ್ಕೆ ನಿಲ್ಲಬೇಡಿ. ಹಾಳೆಯಡಿ ಸಿಕ್ಕ ಒಂದು ನೂಲೆಳೆ ಅಲ್ಲೇ ಉಳಿಯುತ್ತದೆ.

ಎರಡು ಸ್ಪ್ರೇ ಬಾಟಲಿ ಸಾಕು. ಜಾರಿಸುವ ದ್ರಾವಣಕ್ಕೆ 1 ಲೀಟರ್ ಡಿಸ್ಟಿಲ್ಡ್ ವಾಟರಿಗೆ ಸುಮಾರು 1 ಮಿ.ಲೀ. ಬೇಬಿ ಶಾಂಪೂ. ಹಿಡಿಸುವ ದ್ರಾವಣಕ್ಕೆ 850 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 150 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್. ಹಾಳೆ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಶಾಂಪೂ ಹೆಚ್ಚಾದರೆ ಹಾಳೆ ಗಂಟೆಗಟ್ಟಲೆ ಜಾರುತ್ತಲೇ ಇರುತ್ತದೆ, ಅಂಚು ಹಿಡಿಯುವುದಿಲ್ಲ. ಕಡಿಮೆಯಾದರೆ ಮುಟ್ಟಿದಲ್ಲೇ ಕಚ್ಚಿಕೊಳ್ಳುತ್ತದೆ, ಎಳೆದು ತೆಗೆದರೆ ಅಂಟಿನ ಗೆರೆ ಉಳಿಯುತ್ತದೆ.

ಬಾನೆಟ್ಟಿಗೆ ಹಾಳೆ ಕೂರಿಸುವುದು

ಇದಕ್ಕೆ ಇಬ್ಬರು ಬೇಕು. ಕಾರಿನ ಮಾದರಿಗೆ ಸರಿಯಾಗಿ ಯಂತ್ರದಲ್ಲಿ ಕತ್ತರಿಸಿ ಬರುವ ಹಾಳೆಯೇ ಹೊಸಬರಿಗೆ ಸೂಕ್ತ, ಏಕೆಂದರೆ ಬಣ್ಣದ ಮೇಲೆ ಬ್ಲೇಡ್ ಆಡಿಸುವ ಪ್ರಸಂಗವೇ ಬರುವುದಿಲ್ಲ. ರೋಲಿನಿಂದ ಕತ್ತರಿಸುವುದಾದರೆ ಸುತ್ತಲೂ 5 ಸೆಂ.ಮೀ. ಹೆಚ್ಚು ಬಿಡಿ, ಅಂಚಿನ ಗೆರೆಗೆ ಮೊದಲೇ ದಾರವಿರುವ ಕಟಿಂಗ್ ಟೇಪ್ ಅಂಟಿಸಿಕೊಳ್ಳಿ. ದಾರ ಎಳೆದರೆ ಹಾಳೆ ಕತ್ತರಿಸುತ್ತದೆ, ಬಣ್ಣಕ್ಕೆ ಗೀರು ಬೀಳದು.

ಪ್ಯಾನೆಲಿಗೆ ಜಾರಿಸುವ ದ್ರಾವಣ ಧಾರಾಳವಾಗಿ ಸಿಂಪಡಿಸಿ. ಹಿಂಬದಿಯ ಕಾಗದ ಬಿಡಿಸುತ್ತಾ ಅಂಟಿನ ಬದಿಗೂ ಸಿಂಪಡಿಸುತ್ತಾ ಹೋಗಿ. ಬೆರಳುಗಳನ್ನೂ ಒದ್ದೆ ಮಾಡಿಕೊಳ್ಳಿ, ಒಣಬೆರಳಿನ ಗುರುತು ಅಂಟಿನ ಮೇಲೆ ಅಚ್ಚಾಗಿ ಉಳಿಯುತ್ತದೆ. ಹಾಳೆಯನ್ನು ನೀರಿನ ಮೇಲೆ ತೇಲಿಸಿದಂತೆ ಇಟ್ಟು, ನಾಲ್ಕೂ ಮೂಲೆ ಸರಿಹೊಂದಿಸಿ. ಸ್ಕ್ವೀಜಿ (ನೀರನ್ನು ಹೊರಗೆ ತಳ್ಳುವ ರಬ್ಬರಿನ ಪಟ್ಟಿ) ಸರಾಗ ಜಾರುವಂತೆ ಮೇಲಿನಿಂದಲೂ ಸಿಂಪಡಿಸಿ. ನಡುವಿನಿಂದ ಹೊರಕ್ಕೆ ಒತ್ತಿ. ಪ್ರತಿ ಎಳೆತ ಹಿಂದಿನದರ ಅರ್ಧದ ಮೇಲೆ ಬರಲಿ. ಒಮ್ಮೆ ಶುರುಮಾಡಿದ ಎಳೆತವನ್ನು ನಡುವೆ ನಿಲ್ಲಿಸಬಾರದು. ನಿಲ್ಲಿಸಿದಲ್ಲಿ ಅಡ್ಡಗೆರೆ ಬೀಳುತ್ತದೆ, ಓರೆ ಬೆಳಕಿನಲ್ಲಿ ಅದು ಕಂಡೇ ಕಾಣುತ್ತದೆ.

ಅಂಚಿನ ಹತ್ತಿರ ಬೆರಳಿನಾಕಾರದ ಸುರಂಗಗಳು ಏಳುವುದು ಸಾಮಾನ್ಯ. ಒತ್ತಿ ಒತ್ತಿ ಮಡಿಕೆ ಮಾಡಬೇಡಿ. ಹಾಳೆಯನ್ನು ಅಲ್ಲಿವರೆಗೆ ಎತ್ತಿ, ಹಿಡಿಸುವ ದ್ರಾವಣ ಸಿಂಪಡಿಸಿ, ತುಸು ಎಳೆದು ಮತ್ತೆ ಕೂರಿಸಿ. ಮಡಚುವಷ್ಟು ಹಾಳೆ ಇದ್ದಲ್ಲಿ ಅಂಚನ್ನು ಒಳಕ್ಕೆ 5–6 ಮಿ.ಮೀ. ಮಡಚಿ, ನೀರು ಒಣಗಿದ ಮೇಲೆ ಹೀಟ್ ಗನ್ನಿನಿಂದ ಹಿತವಾಗಿ ಬಿಸಿ ಮಾಡಿ ಬೆರಳಿನಿಂದ ಒತ್ತಿ. ಗನ್ನನ್ನು ಒಂದೇ ಕಡೆ ಹಿಡಿದರೆ ಮೇಲ್ಪದರ ಸುಟ್ಟು ಮಬ್ಬಾಗುತ್ತದೆ.

ಬಂಪರಿನ ಕಷ್ಟ

ಬಾನೆಟ್, ಕನ್ನಡಿ, ಸಿಲ್ ಇವನ್ನು ತಾಳ್ಮೆಯಿದ್ದವರು ಮನೆಯಲ್ಲೇ ಮಾಡಬಹುದು. ಸ್ಪೋರ್ಟ್ಸ್ ಕಾರಿನ ಬಂಪರನ್ನು ಮಾತ್ರ ಕೈಪಳಗಿದವರಿಗೆ ಬಿಡುವುದು ಮೇಲು. ಗಾಳಿ ಹೋಗುವ ಬಾಯಿಗಳು, ತುಟಿಯಂಥ ಅಂಚು, ಎರಡೂ ದಿಕ್ಕಿಗೆ ಬಾಗಿದ ಮೂಲೆಗಳು: ಹಾಳೆಯನ್ನು ಹಿಗ್ಗಿಸದೆ ಇಲ್ಲಿ ಕೂರಿಸಲಾಗದು. ಹಿಗ್ಗಿಸಿದಷ್ಟೂ ಹಾಳೆ ತೆಳುವಾಗುತ್ತದೆ, ಅದೂ ಕಲ್ಲು ಹೆಚ್ಚು ಬೀಳುವ ಮೂಲೆಯಲ್ಲೇ. ಅತಿಯಾಗಿ ಎಳೆದರೆ ಬೆಳ್ಳಿಗೆರೆಗಳು ಮೂಡುತ್ತವೆ, ಅವು ಹೋಗುವುದಿಲ್ಲ. ನುರಿತವರು ನಡುವಿನಲ್ಲಿ ಹಿಡಿಸುವ ದ್ರಾವಣದಿಂದ ಮೊದಲು ಗಟ್ಟಿ ಮಾಡಿಕೊಂಡು, ಎಳೆತವನ್ನು ಅಗಲವಾಗಿ ಹಂಚುತ್ತಾ ಎರಡೂ ಬದಿಗೆ ಸಾಗುತ್ತಾರೆ. ನಂಬರ್ ಪ್ಲೇಟ್, ಬಿಚ್ಚಬಹುದಾದ ಗ್ರಿಲ್ ಎಲ್ಲ ಮೊದಲೇ ಬಿಚ್ಚಿರುತ್ತಾರೆ. ಕೆಲಸ ಕೊಡುವ ಮುನ್ನ ಅವರು ವರ್ಷದ ಹಿಂದೆ ಹಾಕಿದ ಒಂದು ಬಂಪರ್ ನೋಡಲು ಕೇಳಿ. ನಿನ್ನೆ ಹಾಕಿದ್ದು ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ.

ಆಮೇಲಿನ ದಿನಗಳು

ಮೊದಲ 24 ಗಂಟೆ ಕಾರು ನಿಂತಲ್ಲೇ ಇರಲಿ. ಮರುದಿನ ಅಂಚುಗಳನ್ನೆಲ್ಲ ನೋಡಿ, ಎದ್ದಿದ್ದರೆ ಬಿಸಿ ಮಾಡಿ ಕೂರಿಸಿ. ಒಂದು ವಾರ ತೊಳೆಯುವುದು ಬೇಡ. ಅಲ್ಲಲ್ಲಿ ಕಾಣುವ ಮಬ್ಬು, ನೀರಿನ ಗುಳ್ಳೆ ಕೆಲವು ದಿನಗಳಲ್ಲಿ, ಚಳಿಯಿದ್ದರೆ ಕೆಲವು ವಾರಗಳಲ್ಲಿ ತಾನಾಗಿ ಆರುತ್ತದೆ. ಬೆರಳಿನಿಂದ ಒತ್ತಿದರೆ ಸರಿದಾಡುವುದು ನೀರು. ಒತ್ತಿದಲ್ಲೇ ಮತ್ತೆ ಉಬ್ಬುವುದು ಗಾಳಿ. ಗಾಳಿ ಆರುವುದಿಲ್ಲ. ತೀರಾ ಸಣ್ಣ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ಮೆಲ್ಲನೆ ಒತ್ತಿ ಹೊರಡಿಸಬೇಕು.

ಪ್ರೆಶರ್ ವಾಷರ್ 30 ಸೆಂ.ಮೀ.ಗಿಂತ ಹತ್ತಿರ ಬೇಡ, ನೀರಿನ ಧಾರೆ ಹಾಳೆಯ ಅಂಚಿನಡಿ ನುಗ್ಗುವಂತೆ ಓರೆಯಾಗಿ ಹಿಡಿಯಬೇಡಿ. ಹಕ್ಕಿಯ ಹಿಕ್ಕೆ, ಹುಳುವಿನ ಕಲೆ ಅಂದಂದೇ ತೆಗೆಯಿರಿ. ಬಿಸಿಲಲ್ಲಿ ಅದು ಮೇಲ್ಪದರಕ್ಕೆ ಇಳಿದು ಹಳದಿ ಕಲೆಯಾಗುತ್ತದೆ. ಪೆಟ್ರೋಲಿಯಮ್ ದ್ರಾವಕವಿರುವ ವ್ಯಾಕ್ಸ್ ಹಾಳೆಗೆ ಆಗದು. ಸೆರಾಮಿಕ್ ಕೋಟಿಂಗಿಗೆ ಸರಿಯಾದ ಜಾಗ ಇದೇ, ಹಾಳೆಯ ಮೇಲೆ. ರೇಸ್ ಟ್ರ್ಯಾಕಿಗೆ ಹೋಗುವ ದಿನ ಪಿಪಿಎಫ್ ಮೇಲೆಯೇ ತಾತ್ಕಾಲಿಕ ಟ್ರ್ಯಾಕ್ ಟೇಪ್ ಅಂಟಿಸಿ, ಅದೇ ಸಂಜೆ ಕಿತ್ತುಹಾಕಿದರೆ ಹಾಳೆಯ ಆಯುಸ್ಸು ಉಳಿಯುತ್ತದೆ. ಮರುದಿನಕ್ಕೆ ಬಿಟ್ಟರೆ ಟೇಪಿನ ಅಂಟು ಬಿಡಲೊಲ್ಲದು.

ತೆಗೆಯುವ ಕಾಲ

ಒಳ್ಳೆಯ ಹಾಳೆ 5ರಿಂದ 10 ವರ್ಷ ಬಾಳುತ್ತದೆ. ಹಳದಿಗೆ ತಿರುಗಿದರೆ, ಸಣ್ಣ ಬಿರುಕು ಬಿಟ್ಟರೆ, ಅಂಚು ಪುಡಿಪುಡಿಯಾದರೆ ಇನ್ನು ತಡಮಾಡಬಾರದು. ಒಣಗಿ ಗಡುಸಾದ ಹಾಳೆ ಚೂರುಚೂರಾಗಿ ಕಿತ್ತು ಬರುತ್ತದೆ, ಅಂಟು ಬಣ್ಣದ ಮೇಲೇ ಉಳಿಯುತ್ತದೆ. ತಣ್ಣಗಿರುವಾಗ ಎಳೆಯಬೇಡಿ. ಕೈಗೆ ಬಿಸಿ ತಾಗುವಷ್ಟು, ಸುಡದಷ್ಟು ಕಾಯಿಸಿ, ಒಂದು ಮೂಲೆ ಎತ್ತಿ, ಹಾಳೆಯನ್ನು ನೇರ ಮೇಲಕ್ಕಲ್ಲ, ತನ್ನ ಮೇಲೇ ಮಡಚಿಕೊಳ್ಳುವಂತೆ ಪ್ಯಾನೆಲಿಗೆ ತೀರಾ ಹತ್ತಿರ ಹಿಡಿದು ನಿಧಾನ ಎಳೆಯಿರಿ. ಗೇಜ್ ಹೆಚ್ಚು ತೋರಿಸಿದ್ದ ಆ ಮರುಬಣ್ಣದ ಫೆಂಡರನ್ನು ಕೊನೆಗೆ ಇಟ್ಟುಕೊಳ್ಳಿ, ಅಲ್ಲಿ ಬೆರಳಗಲದಷ್ಟೇ ಎಳೆದು, ನಿಂತು, ಮತ್ತೆ ಕಾಯಿಸಿ. ಉಳಿದ ಅಂಟಿಗೆ ಕಿತ್ತಳೆ ಸಿಪ್ಪೆಯೆಣ್ಣೆಯಿಂದ ಮಾಡಿದ ಅಂಟು ತೆಗೆಯುವ ದ್ರಾವಣ ಹಚ್ಚಿ ಐದು ನಿಮಿಷ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಹೊಸ ಹಾಳೆ ಹಾಕುವುದಿದ್ದರೆ ಕ್ಲೇ ಬಾರಿನಿಂದ ಮತ್ತೆ ಶುರು.