ಆಟದ ವಿಡಿಯೋದಲ್ಲಿ ಪಟ್ಟೆ ಓಡದಿರಬೇಕಾದರೆ

ಕುಂಬಳೆ, ಮಂಜೇಶ್ವರ ಕಡೆ ಯಕ್ಷಗಾನ ಬಯಲಾಟ ಅಂದರೆ ಈಗ ಚೆಂಡೆಗಿಂತ ಮೊದಲೇ ಟ್ರೈಪಾಡ್‌ಗಳು ಬಂದು ನಿಲ್ಲುತ್ತವೆ. ರಾತ್ರಿಯಿಡೀ ನಿದ್ದೆಗೆಟ್ಟು ತೆಗೆದ ವಿಡಿಯೋವನ್ನು ಬೆಳಗ್ಗೆ ನೋಡಿದರೆ ಕಿರೀಟದ ಮೇಲೆಲ್ಲ ಕಪ್ಪು ಪಟ್ಟೆ ತೆವಳುತ್ತಿರುತ್ತದೆ. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಹೊತ್ತವರೂ ಇದ್ದಾರೆ. ಎಂತದೂ ಕೆಟ್ಟಿಲ್ಲ ಮಾರಾಯ್ರೇ, ಶಟರ್ ತಪ್ಪಿದೆ, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು.

ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರ್‌ಗೆ ಗೊತ್ತಾಗುತ್ತದೆ.

ಮೊದಲು ಮ್ಯಾನುಯಲ್ ಮೋಡ್. ಆಮೇಲೆ ಮೆನುವಿನಲ್ಲಿ ಪಾಲ್ (PAL, 50 ಹರ್ಟ್ಸ್‌ಗೆ ಹೊಂದುವ ವಿಡಿಯೋ ಪದ್ಧತಿ) ಆರಿಸಿ, ಸೆಕೆಂಡಿಗೆ 25 ಫ್ರೇಮ್ ಇಡಿ. ಐಫೋನ್‌ನವರು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಫಾರ್ಮ್ಯಾಟ್ ಆನ್ ಮಾಡಿಕೊಳ್ಳಬೇಕು.

ಶಟರ್ 1/50 ಸೆಕೆಂಡ್. ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದವರ ಪಾಠ ನೋಡಿ 30 ಫ್ರೇಮ್, 1/60 ಇಡುತ್ತಾರೆ. ಅವರದು 60 ಹರ್ಟ್ಸ್ ಕರೆಂಟು, ಅವರಿಗೆ ಸರಿ. ನಮಗೆ 30 ಫ್ರೇಮೇ ಬೇಕಿದ್ದರೂ ಶಟರ್ 1/50 ಅಥವಾ 1/100 ಇರಲಿ. ಮಿನುಗುವ ಸುತ್ತು ಪೂರ್ತಿ ಸಿಕ್ಕಿದರೆ ಪ್ರತಿ ಫ್ರೇಮಿಗೂ ಒಂದೇ ಬೆಳಕು. 1/60ರಲ್ಲಿ ಸುತ್ತು ಅರ್ಧಕ್ಕೆ ತುಂಡಾಗುತ್ತದೆ.

ಆಟ ಶುರುವಾಗುವ ಮೊದಲೇ ರಂಗಸ್ಥಳದ ಬಿಳಿ ಬಟ್ಟೆಗೆ ಗುರಿ ಇಟ್ಟು ನೋಡಿ. 1/1000ಕ್ಕೆ ಪಟ್ಟೆ ಕಾಣಬಹುದು. 1/100ಕ್ಕೆ, 1/50ಕ್ಕೆ ಇಳಿಸಿದಾಗ ಹೋದರೆ ಗೆದ್ದಿರಿ. ಹೋಗದಿದ್ದರೆ ದೀಪದ ಡಿಮ್ಮರ್ ಮೇಲೆ ಸಂಶಯಪಡಿ. ಲೈಟಿನವರನ್ನು ಕೇಳಿ ಪೂರ್ತಿ ಏರಿಸಿಸಿ, ಹಲವು ಸಲ ಅಷ್ಟರಲ್ಲೇ ಮಾಯ. ಹಿಂದೆ ಎಲ್‌ಇಡಿ ಪರದೆ ಇದ್ದರೆ ಅದರ ಲೆಕ್ಕವೇ ಬೇರೆ. ಶಟರನ್ನು ಚೂರುಚೂರೇ ತಿರುಗಿಸುವ ಸೌಲಭ್ಯ ಕ್ಯಾಮೆರಾದಲ್ಲಿದ್ದರೆ ಪಟ್ಟೆ ನಿಲ್ಲುವವರೆಗೂ ತಿರುಗಿಸಿ. ನನ್ನ ಕೇಳಿದರೆ ಆ ಪರದೆಯೇ ಬೇಡ, ಹಳೇ ಹ್ಯಾಲೊಜನ್ ಸಾಕು. ಅದರ ತಂತಿ ಬಿಸಿಯಾಗಿಯೇ ಇರುವುದರಿಂದ ಮಿನುಗು ತೀರಾ ಕಡಿಮೆ.

ಬೆಳಕು ಜಾಸ್ತಿಯೋ ಕಡಿಮೆಯೋ, ಅಪರ್ಚರ್ (ಲೆನ್ಸಿನ ಕಂಡಿ), ಐಎಸ್‌ಒದಲ್ಲಿ (ಬೆಳಕಿಗೆ ಸ್ಪಂದಿಸುವ ಮಟ್ಟ) ಸರಿಮಾಡಿ. ಶಟರ್ ಮುಟ್ಟಬೇಡಿ.

ಫೋಟೋದ ಕಥೆ ಬೇರೆ. ಧೀಂಗಿಣ, ಅಂದರೆ ವೇಷಧಾರಿ ಗಿರಕಿ ಹೊಡೆಯುತ್ತ ಹಾರುವುದನ್ನು, ನಿಲ್ಲಿಸಿ ಹಿಡಿಯಲು 1/500 ಬೇಕೇ ಬೇಕು. ಆಗ ಆ್ಯಂಟಿ ಫ್ಲಿಕರ್ ಆನ್ ಮಾಡಿ. ಬೆಳಕು ಏರಿದ ಹೊತ್ತಿಗೇ ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಇಡಿ. ಚೆಂಡೆ ಅಬ್ಬರದಲ್ಲಿ ನಿಮ್ಮ ಕ್ಲಿಕ್ ಯಾರಿಗೆ ಕೇಳುತ್ತೆ, ಅಲ್ವಾ?

ಆಮೇಲೆ ಸಾಫ್ಟ್‌ವೇರ್‌ನಲ್ಲಿ ಪಟ್ಟೆ ಅಳಿಸಿದರಾಯ್ತು ಅನ್ನುವವರಿದ್ದಾರೆ. ಅಳಿಸಬಹುದು, ಜೊತೆಗೆ ವೇಷದ ಮಣಿ, ಮಿಂಚೂ ಮಸುಕಾಗುತ್ತದೆ. ಕ್ಯಾಮೆರಾ ಮೇಲೆ ಸಿಕ್ಕಿಸುವ ಅಗ್ಗದ ಲೈಟೂ ಬೇಡ. ಅದೂ ಮಿನುಗುತ್ತದೆ, ಸಾಲದ್ದಕ್ಕೆ ಕಲಾವಿದರ ಕಣ್ಣಿಗೂ ಕುಕ್ಕುತ್ತದೆ.

ನಡುರಾತ್ರಿ ಕರೆಂಟು ಹೋಗಿ ಜನರೇಟರ್ ಶುರುವಾದರೆ ಮತ್ತೊಮ್ಮೆ ಬಿಳಿ ಬಟ್ಟೆ ನೋಡಿ. ಅದರ ಹರ್ಟ್ಸ್ 50ರಲ್ಲೇ ನಿಲ್ಲುತ್ತದೆ ಅಂತಿಲ್ಲ.