ಮೋಟ್ರು ಸುಟ್ಟೋಯ್ತಾ? ರಿವೈಂಡಿಂಗ್‌ಗೆ ಕಳಿಸೋ ಮುಂಚೆ ಕಾರಣ ಹುಡ್ಕಿ

ಮೋಟ್ರು ಕೆಟ್ರೆ ಬಹಳ ಜನ ಮಾಡೋದು ಒಂದೇ, ಬಿಚ್ಚಿ ರಿವೈಂಡಿಂಗ್‌ಗೆ ಕೊಡೋದು (ಅಂದ್ರೆ ಒಳಗಿನ ತಂತಿ ಸುರುಳಿ, ವೈಂಡಿಂಗ್, ಹೊಸದಾಗಿ ಸುತ್ತಿಸೋದು), ವಾಪಸ್ ಬಂದ್ಮೇಲೆ ಕೂರ್ಸಿ ಸ್ವಿಚ್ ಒತ್ತೋದು. ಯಾಕೆ ಸುಡ್ತು ಅಂತ ಯಾರೂ ಕೇಳಲ್ಲ. ಕಾರಣ ಹಾಗೇ ಉಳ್ಕೊಂಡಿರುತ್ತಲ್ಲ, ಹೊಸ ವೈಂಡಿಂಗೂ ಹಳೇದರ ದಾರಿನೇ ಹಿಡಿಯುತ್ತೆ, ಆಮೇಲೆ ಬೈಸ್ಕೊಳೋನು ರಿವೈಂಡ್ ಮಾಡ್ದೋನು.

ಮುಟ್ಟೋ ಮುಂಚೆ ಮೇನ್ ಆಫ್ ಮಾಡಿ, ಮೀಟ್ರಲ್ಲಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಸಿಂಗಲ್ ಫೇಸ್ ಮೋಟ್ರಾದ್ರೆ ಕೆಪಾಸಿಟರ್ ಆಫ್ ಆದ್ಮೇಲೂ ಚಾರ್ಜ್ ಹಿಡ್ಕೊಂಡಿರುತ್ತೆ, ಸ್ಕ್ರೂಡ್ರೈವರಲ್ಲಿ ಚಟಾರ್ ಅಂತ ಶಾರ್ಟ್ ಮಾಡೋ ಬದ್ಲು ಒಂದು ರೆಸಿಸ್ಟರ್ ಇಲ್ಲಾ ಬಲ್ಬು ಅಡ್ಡ ಹಾಕಿ ಖಾಲಿ ಮಾಡಿ.

ಈಗ ಸ್ಟಾರ್ಟೇ ಆಗ್ತಿಲ್ಲ ಅನ್ಕೊಳ್ಳಿ. ಸದ್ದೇ ಇಲ್ಲ ಅಂದ್ರೆ ಮೋಟ್ರಿಗಿಂತ ಮುಂಚೆ ಫ್ಯೂಸು, ಸ್ಟಾರ್ಟರ್ ಕಾಯಿಲು, ಟ್ರಿಪ್ ಆಗಿ ರೀಸೆಟ್ ಆಗ್ದೇ ಕೂತಿರೋ ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿ ಆದ್ರೆ ಸಪ್ಲೈ ಕಡಿಯೋದು) ಇವನ್ನ ನೋಡಿ. ಗುಂಯ್ ಅಂತ ಸದ್ದು ಮಾಡ್ತಾ ತಿರುಗ್ತಿಲ್ಲ ಅಂದ್ರೆ ತಕ್ಷಣ ಆಫ್ ಮಾಡಿ, ಶಾಫ್ಟ್ ಕೈಯಲ್ಲಿ ತಿರುಗ್ಸಿ ನೋಡಿ. ಬಿಗಿಯಾಗಿದ್ರೆ ಬೇರಿಂಗ್ ಹಿಡಿದಿದೆ ಇಲ್ಲಾ ಲೋಡ್ ಜಾಮ್ ಆಗಿದೆ. ಸಲೀಸಾಗಿ ತಿರುಗಿದ್ರೆ, ಸಿಂಗಲ್ ಫೇಸಲ್ಲಿ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಉಬ್ಬಿದ್ರೆ ಅಥವಾ ಮೈಕ್ರೋಫ್ಯಾರಡ್ ಬರೆದಿರೋದಕ್ಕಿಂತ ತುಂಬಾ ಕಮ್ಮಿ ತೋರ್ಸಿದ್ರೆ ಬದಲಾಯ್ಸಿ. ಅದೇ ಮೈಕ್ರೋಫ್ಯಾರಡ್ ಇರ್ಲಿ, ವೋಲ್ಟೇಜ್ ರೇಟಿಂಗ್ ಮಾತ್ರ ಹಳೇದಕ್ಕಿಂತ ಕಮ್ಮಿ ಇರ್ಬಾರ್ದು. ಆಮೇಲೆ ಸೆಂಟ್ರಿಫ್ಯೂಗಲ್ ಸ್ವಿಚ್, ಅಂದ್ರೆ ಸ್ಪೀಡ್ ಬಂದ್ಮೇಲೆ ಸ್ಟಾರ್ಟಿಂಗ್ ವೈಂಡಿಂಗ್ ಕಳಚೋ ಸ್ವಿಚ್. ಮೋಟ್ರು ಸುಮಾರು 75% ಸ್ಪೀಡ್ ಹಿಡಿದಾಗ ಅದು ಬಿಟ್ಕೋಬೇಕು, ಅಂಟ್ಕೊಂಡೇ ಇದ್ರೆ ಸ್ಟಾರ್ಟಿಂಗ್ ವೈಂಡಿಂಗಲ್ಲಿ ಕರೆಂಟ್ ಹರೀತಾನೇ ಇದ್ದು ಸ್ವಲ್ಪ ಹೊತ್ತಲ್ಲೇ ಕರಕಲಾಗುತ್ತೆ.

ತ್ರೀ ಫೇಸ್ ಮೋಟ್ರು ಗುಂಯ್ ಅಂದ್ರೆ ಮುಕ್ಕಾಲು ಪಾಲು ಒಂದು ಫೇಸ್ ಹೋಗಿದೆ ಅಂತ್ಲೇ ಅರ್ಥ. ಇದ್ರಲ್ಲಿ ಮೋಸ ಏನಪ್ಪಾ ಅಂದ್ರೆ, ಓಡ್ತಿರೋವಾಗ ಫೇಸ್ ಹೋದ್ರೆ ಮೋಟ್ರು ನಿಲ್ಲಲ್ಲ, ಓಡ್ತಾನೇ ಇರುತ್ತೆ, ಉಳಿದ ಎರಡು ಲೈನಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತೆ, ಹೊಗೆ ಬಂದ್ಮೇಲೇ ಗೊತ್ತಾಗೋದು. ಇನ್ನೊಂದು ಗಮನಿಸಿ, ಓಡ್ತಿರೋ ಮೋಟ್ರು ಹೋಗಿರೋ ಫೇಸಲ್ಲಿ ತಾನೇ ವೋಲ್ಟೇಜ್ ಹುಟ್ಟಿಸ್ತಿರುತ್ತೆ, ಹಾಗಾಗಿ ಬರೀ ವೋಲ್ಟ್ ಮೀಟರ್ ಹಿಡಿದು ಮೂರೂ ಫೇಸ್ ಇದೆ ಅಂತ ನಂಬ್ಬೇಡಿ. ಕ್ಲ್ಯಾಂಪ್ ಮೀಟ್ರಲ್ಲಿ ಮೂರೂ ಲೈನಿನ ಆಂಪ್ಸ್ ನೋಡಿ, ಒಂದು ಸೊನ್ನೆ ಇದ್ರೆ ಕಳ್ಳ ಸಿಕ್ಕಂಗೆ. ಹಾರಿರೋ ಫ್ಯೂಸು, ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರಿನ ಕರಕಲಾಗಿರೋ ಪಾಯಿಂಟು, ಸಡಿಲ ಆಗಿರೋ ಲಗ್ಗು (ವೈರ್ ತುದಿಯ ಲೋಹದ ಕೊಂಡಿ) ಇಷ್ಟರಲ್ಲೇ ಎಲ್ಲೋ ಇರುತ್ತೆ.

ಸುಟ್ಟಿರೋ ವೈಂಡಿಂಗ್ ನೋಡಿದ್ರೂ ಕಾರಣ ಹೇಳ್ಬೋದು, ಅದಕ್ಕೇ ಕಿತ್ತಾಕೋ ಮುಂಚೆ ಒಂದು ಫೋಟೋ ತೆಕ್ಕೊಳ್ಳಿ. ಮೂರು ವೈಂಡಿಂಗಿನ ಒಂದೊಂದು ತುದಿ ಒಟ್ಟಿಗೆ ಸೇರಿರೋ ಸ್ಟಾರ್ ಕನೆಕ್ಷನಲ್ಲಿ ಎರಡು ಫೇಸ್ ಕಪ್ಪಾಗಿ ಒಂದು ಚೆನ್ನಾಗಿದ್ರೆ ಫೇಸ್ ಹೋಗಿದ್ದೇ ಕಾರಣ, ತುದಿಗೆ ತುದಿ ಸೇರಿ ತ್ರಿಕೋನ ಆಗಿರೋ ಡೆಲ್ಟಾದಲ್ಲಾದ್ರೆ ಇದು ಉಲ್ಟಾ, ಒಂದು ಸುಟ್ಟು ಎರಡು ಚೆನ್ನಾಗಿರುತ್ತೆ. ಮೂರೂ ಒಂದೇ ಸಮ ಕಪ್ಪಾಗಿದ್ರೆ ಓವರ್‌ಲೋಡ್, ಇಲ್ಲಾ ಗಾಳಿ ಸಿಗ್ದೇ ಬಿಸಿಯಾಗಿರೋದು. ಒಂದೇ ಜಾಗದಲ್ಲಿ ಚುಕ್ಕಿ ಥರ ಸುಟ್ಟಿದ್ರೆ ಅಲ್ಲಿ ಇನ್ಸುಲೇಷನ್ ಹೋಗಿ ಶಾರ್ಟ್ ಆಗಿದೆ.

ಓವರ್‌ಲೋಡ್ ವಿಷ್ಯಕ್ಕೆ ಬಂದ್ರೆ, ಪದೇ ಪದೇ ಟ್ರಿಪ್ ಆಗುತ್ತೆ ಅಂತ ರಿಲೇ ಸೆಟ್ಟಿಂಗ್ ಏರಿಸೋರನ್ನ ಕಂಡ್ರೆ ನಂಗೆ ಸಿಟ್ಟೇ ಬರುತ್ತೆ, ರಿಲೇ ಟ್ರಿಪ್ ಆಗ್ತಿರೋದು ಮೋಟ್ರು ಉಳಿಸೋಕೆ ಸ್ವಾಮಿ. ಸೆಟ್ಟಿಂಗ್ ನೇಮ್ ಪ್ಲೇಟ್ ಆಂಪ್ಸಿಗೆ ಇರ್ಬೇಕು. ಸ್ಟಾರಲ್ಲಿ ಶುರು ಮಾಡಿ ಡೆಲ್ಟಾಕ್ಕೆ ಬದಲಾಯ್ಸೋ ಸ್ಟಾರ್ ಡೆಲ್ಟಾ ಸ್ಟಾರ್ಟರಲ್ಲಿ ರಿಲೇ ವೈಂಡಿಂಗ್ ಜೊತೆ ಡೆಲ್ಟಾ ಒಳಗಿದ್ರೆ ಅದರ 0.58 ಪಟ್ಟು ಸಾಕು, ಪೂರ್ತಿ ಆಂಪ್ಸಿಗೆ ಇಟ್ರೆ ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಲೋಡ್ ಸರಿಯಾಗೇ ಇದ್ದು ಆಂಪ್ಸ್ ಜಾಸ್ತಿ ಇದ್ರೆ ವೋಲ್ಟೇಜ್ ನೋಡಿ. ಟಾರ್ಕ್, ಅಂದ್ರೆ ತಿರುಗ್ಸೋ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂಗೆ ಇಳಿಯುತ್ತೆ, ವೋಲ್ಟೇಜ್ 10% ಕಮ್ಮಿ ಆದ್ರೆ ಟಾರ್ಕ್ 81% ಅಷ್ಟೇ ಉಳಿಯೋದು, ಅದೇ ಲೋಡ್ ಎಳೆಯೋಕೆ ಮೋಟ್ರು ಕರೆಂಟ್ ಜಾಸ್ತಿ ತಗೊಳುತ್ತೆ. ಮೂರು ಫೇಸ್ ಸಮ ಇಲ್ದಿದ್ರೂ ತೊಂದ್ರೆ. 400, 410, 420 ವೋಲ್ಟ್ ಬರ್ತಿದ್ರೆ ಸರಾಸರಿ 410, ಅದರಿಂದ 10 ವೋಲ್ಟ್ ಆಚೀಚೆ, ಅಂದ್ರೆ ಸುಮಾರು 2.4%. ಸಣ್ಣದು ಅನ್ಸುತ್ತೆ, ಆದ್ರೆ ವೈಂಡಿಂಗ್ ಬಿಸಿ ಅಂದಾಜು 12% ಜಾಸ್ತಿ ಆಗುತ್ತೆ.

ಬಿಸಿಯ ಲೆಕ್ಕ ನೆನಪಿರ್ಲಿ: ತಡ್ಕೊಳೋ ಮಟ್ಟಕ್ಕಿಂತ 10 ಡಿಗ್ರಿ ಜಾಸ್ತಿ ಓಡಿದ್ರೆ ಇನ್ಸುಲೇಷನ್ ಆಯಸ್ಸು ಅಂದಾಜು ಅರ್ಧ ಆಗುತ್ತೆ. ಕೈ ಇಟ್ಟು ಸುಡ್ತು ಅಂತ ಗಾಬರಿ ಬೀಳೋದೂ ಬೇಡ, 70 ಡಿಗ್ರಿ ಮೈ ಎಷ್ಟೋ ಮೋಟ್ರಿಗೆ ಮಾಮೂಲು, ಎಫ್ ಕ್ಲಾಸ್ ವೈಂಡಿಂಗ್ 155 ಡಿಗ್ರಿವರೆಗೂ ತಡ್ಕೊಳುತ್ತೆ. ಫಿನ್ನುಗಳ ಮಧ್ಯ ಧೂಳು, ಫ್ಯಾನ್ ಕವರಿಗೆ ಅಂಟಿರೋ ಕಸ ಕ್ಲೀನ್ ಮಾಡಿ. ಗಳಿಗೆಗೊಂದ್ಸಲ ಆನ್ ಆಫ್ ಮಾಡ್ಬೇಡಿ, ನೇರವಾಗಿ ಸ್ಟಾರ್ಟ್ ಮಾಡಿದ್ರೆ ಶುರುವಲ್ಲಿ ಕರೆಂಟ್ ಆರೇಳು ಪಟ್ಟು ಇರುತ್ತೆ, ಫ್ಯಾನ್ ಸ್ಪೀಡೂ ಇರಲ್ಲ.

ಅದುರ್ತಿದ್ರೆ ಒಂದು ಸುಲಭ ಪರೀಕ್ಷೆ ಇದೆ. ಓಡ್ತಿರೋವಾಗ ಸಪ್ಲೈ ಕಟ್ ಮಾಡಿ, ಅದುರೋದು ಆ ಕ್ಷಣಕ್ಕೇ ನಿಂತ್ರೆ ದೋಷ ಕರೆಂಟ್ ಕಡೆದು, ಸ್ಪೀಡ್ ಇಳಿದಂಗೆ ನಿಧಾನಕ್ಕೆ ನಿಂತ್ರೆ ಮೆಕ್ಯಾನಿಕಲ್. ಕಪ್ಲಿಂಗ್ ಬಿಚ್ಚಿ ಖಾಲಿ ಓಡ್ಸಿದಾಗ ನಿಂತ್ರೆ ಅಲೈನ್‌ಮೆಂಟ್ ಇಲ್ಲಾ ಲೋಡ್ ಕಡೆ ಹುಡ್ಕಿ. ಕರಕರ ಸದ್ದು ಬಂದ್ರೆ ಬೇರಿಂಗ್. ಬೆಲ್ಟ್ ಅತಿ ಬಿಗಿ ಮಾಡೋದು, ಗ್ರೀಸ್ ಗಂಟ್ಲುವರೆಗೂ ತುಂಬೋದು, ಹಳೇ ಗ್ರೀಸಿನ ಮೇಲೆ ಬೇರೆ ಜಾತಿದು ಸುರಿಯೋದು, ಮೂರೂ ಬೇರಿಂಗ್ ಕೊಲ್ಲೋ ಕೆಲ್ಸಗಳೇ. ಗ್ರೀಸ್ ಜಾಸ್ತಿ ಆದ್ರೆ ಅದೇ ಕಡೆದು ಬಿಸಿಯಾಗುತ್ತೆ.

ಕೊನೇಗೆ ಮೆಗ್ಗರ್, ಅಂದ್ರೆ ಇನ್ಸುಲೇಷನ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಮೀಟ್ರು. ಮಾಮೂಲಿ 415 ವೋಲ್ಟ್ ಮೋಟ್ರಿಗೆ 500 ವೋಲ್ಟ್ ಡಿಸಿ ಸಾಕು, ಡ್ರೈವ್ (ಮೋಟ್ರು ಸ್ಪೀಡ್ ಹೆಚ್ಚು ಕಮ್ಮಿ ಮಾಡೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ರೆ ವೈರ್ ಕಳಚಿಟ್ಟೇ ಟೆಸ್ಟ್ ಮಾಡಿ, ಇಲ್ಲಾಂದ್ರೆ ಡ್ರೈವೇ ಹೋಗುತ್ತೆ. 5 ಮೆಗಾ ಓಮಿಗಿಂತ ಕಮ್ಮಿ ಇದ್ರೆ ಆನ್ ಮಾಡ್ಬೇಡಿ. ತೇವ ಕುಡಿದಿದ್ರೂ ರೀಡಿಂಗ್ ಇಳಿದಿರುತ್ತೆ, ಹದವಾದ ಬಿಸಿಯಲ್ಲಿ ಒಣಗ್ಸಿ, ಆರಿದ್ಮೇಲೆ ಇನ್ನೊಂದ್ಸಲ ನೋಡಿ, ಏರಿದ್ರೆ ರಿವೈಂಡಿಂಗ್ ಖರ್ಚು ಉಳೀತು.