ಹಳೆಯ ಇಟಾಲಿಯನ್ ಮೋಟಾರ್‌ಸೈಕಲ್: ಬಿಡಿಭಾಗ ಹುಡುಕುವುದು, ಮೂಲ ಬಣ್ಣ ಹೊಂದಿಸುವುದು ಹೇಗೆ?

ಐವತ್ತು ವರ್ಷ ದಾಟಿದ ಇಟಾಲಿಯನ್ ಮೋಟಾರ್‌ಸೈಕಲ್ಲೊಂದನ್ನು ಮೂಲ ಸ್ಥಿತಿಗೆ ತರಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಟ್ಯಾಂಕಿನ ಹಳೆಯ ಬಣ್ಣಕ್ಕೆ. ಅದನ್ನು ಕೆರೆದು ತೆಗೆದು, ಲೋಹವನ್ನು ಹೊಳೆಯುವಂತೆ ಮಾಡಿದ ಮೇಲೆಯೇ ಮೂಲ ಬಣ್ಣ ಯಾವುದಿತ್ತು ಎಂಬ ಪ್ರಶ್ನೆ ಏಳುತ್ತದೆ. ಬೈಕಿನ ಮೇಲೆ ಉಳಿದಿರುವ ಪ್ರತಿಯೊಂದು ಹಳೆಯ ಭಾಗವೂ, ಪ್ರತಿಯೊಂದು ಬಣ್ಣದ ಚಕ್ಕೆಯೂ ಸಾಕ್ಷ್ಯವಾದುದರಿಂದ, ಕೆಲಸ ಮುಗಿಯುವವರೆಗೆ ಮುರಿದ ಸ್ವಿಚ್ಚನ್ನೂ ಎಸೆಯಬಾರದು.

ಮೊದಲ ಹೆಜ್ಜೆ ಬೈಕಿನ ಗುರುತು ಹಿಡಿಯುವುದು. ಮಾದರಿಯ ಹೆಸರು ಇದಕ್ಕೆ ಸಾಲದು. ಫ್ರೇಮಿನ ಮೇಲಿನ ಮತ್ತು ಎಂಜಿನ್ನಿನ ಮೇಲಿನ ಸಂಖ್ಯೆಗಳೆರಡನ್ನೂ ಬರೆದುಕೊಂಡು ತಯಾರಿಕೆಯ ವರ್ಷವನ್ನು ಖಚಿತಪಡಿಸಿಕೊಳ್ಳಬೇಕು. ಡುಕಾಟಿಯ ಒಂಟಿ ಸಿಲಿಂಡರ್ ಎಂಜಿನ್‌ಗಳನ್ನೇ ನೋಡಿ: 1968ರಿಂದ ಬಂದ ಎಂಜಿನ್‌ಗಳ ಕವಚ ಹಿಂಬದಿಯ ಆಧಾರದ ಬಳಿ ಹಿಂದಿನವುಗಳಿಗಿಂತ ಅಗಲವಾಗಿದ್ದು, ಹೊರನೋಟಕ್ಕೆ ಎರಡೂ ಒಂದೇ ಮನೆತನದವೆಂದು ಕಂಡರೂ ಅನೇಕ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ರಫ್ತಾದ ಬೈಕುಗಳದ್ದು ಬೇರೆಯದೇ ಕಥೆ. ಅಮೆರಿಕಕ್ಕೆ ಹೋದ ಡುಕಾಟಿಗಳ ಹ್ಯಾಂಡಲ್ ಮತ್ತು ಬಣ್ಣ ಇಟಲಿಯಲ್ಲಿ ಮಾರಾಟವಾದವುಗಳಿಗಿಂತ ಭಿನ್ನವಾಗಿರುವುದುಂಟು. ಕೆಲವು ಬೆನೆಲಿ ಬೈಕುಗಳಂತೂ ಅಲ್ಲಿ ರಿವರ್‌ಸೈಡ್ ಎಂಬ ಹೆಸರಿನಲ್ಲಿ ಮಾರಾಟವಾದವು. ಕಾಲನಿರ್ಣಯಕ್ಕೆ ಇಟಲಿಯ ಮೋಟಾರ್‌ಸೈಕಲ್ ಒಕ್ಕೂಟವಾದ ಎಫ್‌ಎಂಐ ನಡೆಸುವ ಐತಿಹಾಸಿಕ ನೋಂದಣಿ ಪುಸ್ತಕವೂ, 1966ರಲ್ಲಿ ಹುಟ್ಟಿದ, ಹಳೆಯ ವಾಹನಗಳ ಕ್ಲಬ್ಬುಗಳ ಇಟಾಲಿಯನ್ ಒಕ್ಕೂಟವಾದ ಎಎಸ್‌ಐ ಸಂಸ್ಥೆಯೂ, ಆಯಾ ಮಾದರಿಯ ಮಾಲೀಕರ ಕ್ಲಬ್ಬುಗಳೂ ನೆರವಾಗುತ್ತವೆ.

ಗುರುತು ಸಿಕ್ಕಿದ ಮೇಲೆ ಆ ವರ್ಷದ ಬಿಡಿಭಾಗಗಳ ಕ್ಯಾಟಲಾಗನ್ನು ಸಂಪಾದಿಸಬೇಕು. ಪ್ರತಿ ಭಾಗವನ್ನೂ ಬಿಡಿಸಿ ತೋರಿಸುವ ಚಿತ್ರಪಟಗಳಿರುವ ಈ ಪುಸ್ತಕ ಕೈಯಲ್ಲಿಲ್ಲದೆ ಒಂದು ನಟ್ಟನ್ನೂ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಬಿಡಿಭಾಗಗಳ ಹುಡುಕಾಟ

ಮಾಂಡೆಲ್ಲೊ ದೆಲ್ ಲಾರಿಯೊದ ಮೋಟೊ ಗುಜ್ಜಿ, ಬೊಲೊನ್ಯದ ಡುಕಾಟಿ, ಬ್ರೆಗಾಂಜೆಯ ಲಾವೆರ್ಡಾ, ಪೆಸಾರೊದ ಬೆನೆಲಿ ಮುಂತಾದ ಕಾರ್ಖಾನೆಗಳು ಎಂಜಿನ್ ಮತ್ತು ಫ್ರೇಮುಗಳನ್ನು ತಾವೇ ರೂಪಿಸಿ, ಉಳಿದದ್ದರಲ್ಲಿ ಬಹುಪಾಲನ್ನು ಹೊರಗಿನ ತಯಾರಕರಿಂದ ಕೊಳ್ಳುತ್ತಿದ್ದವು. ಕಾರ್ಬ್ಯುರೇಟರ್ ಡೆಲೊರ್ಟೊ ಅವರದು, ಮುಂದಿನ ಫೋರ್ಕ್ ಮಾರ್ಜೊಕ್ಕಿ ಅಥವಾ ಚೆರಿಯಾನಿ ಅವರದು, ಬ್ರೇಕಿನ ಡ್ರಮ್ ಗ್ರಿಮೆಕಾ, ಅಲ್ಯೂಮಿನಿಯಂ ರಿಮ್ ಬೊರ್ರಾನಿ, ಮೀಟರ್ ವೆಲಿಯಾ, ದೀಪ ಚೆವ್, ಸೈಲೆನ್ಸರ್ ಲಾಫ್ರಾಂಕೋನಿ. ಹುಡುಕುವವರಿಗೆ ಇದೊಂದು ದೊಡ್ಡ ಅನುಕೂಲ. ನಿಮ್ಮ ಮಾದರಿಯ ಹೆಸರಿನಲ್ಲಿ ಸಿಗದ ಸ್ವಿಚ್ಚು ಬೇರೆ ಕಂಪನಿಯ ಬೈಕಿನ ಭಾಗವೆಂಬ ಹೆಸರಿನಲ್ಲಿ, ಕೆಲವೊಮ್ಮೆ ಕಡಿಮೆ ಬೆಲೆಗೇ, ಸಿಗಬಹುದು. ಆದ್ದರಿಂದ ಬೈಕಿನ ಹೆಸರನ್ನು ಬದಿಗಿಟ್ಟು, ಭಾಗದ ಮೇಲೆ ಅಚ್ಚಾಗಿರುವ ತಯಾರಕರ ಗುರುತನ್ನು ಹಿಡಿದು ಹುಡುಕಬೇಕು.

ಗುರುತನ್ನು ಕೊನೆಯ ಅಕ್ಷರದವರೆಗೂ ಓದುವುದು ಮುಖ್ಯ. ಡೆಲೊರ್ಟೊ ಕಾರ್ಬ್ಯುರೇಟರಿನ ಮೈಮೇಲೆ ‘ವಿಎಚ್‌ಬಿ 30 ಸಿಡಿ’ ಎಂದಿದ್ದರೆ, ಮೊದಲ ಮೂರು ಅಕ್ಷರಗಳು ಅದರ ಜಾತಿಯನ್ನೂ, 30 ಎಂಬುದು ಗಂಟಲಿನ ವ್ಯಾಸವನ್ನು ಮಿಲಿಮೀಟರಿನಲ್ಲಿಯೂ, ಕೊನೆಯ ‘ಡಿ’ ಅದು ಬಲಬದಿಯದೆಂಬುದನ್ನೂ ಹೇಳುತ್ತವೆ. ಎಡಬದಿಯದಕ್ಕೆ ‘ಎಸ್’ ಇರುತ್ತದೆ. ಜೋಡಿ ಸಿಲಿಂಡರಿನ ಗುಜ್ಜಿಗೆಂದು ಬರೀ ‘ವಿಎಚ್‌ಬಿ 30’ ಎಂದು ಕೇಳಿ ತರಿಸಿಕೊಂಡು, ಎರಡೂ ಒಂದೇ ಬದಿಯವು ಬಂದವೆಂದು ಪರಿತಪಿಸುವವರುಂಟು.

ಬೇರಿಂಗು ಮತ್ತು ಆಯಿಲ್ ಸೀಲುಗಳಿಗಂತೂ ಹಳೆಯ ಬೈಕಿನ ಅಂಗಡಿಯ ಹಂಗೇ ಬೇಡ. ಬೇರಿಂಗಿನ ಅಂಚಿನಲ್ಲಿ 6204 ಎಂದು ಕೆತ್ತಿದ್ದರೆ ಅದು ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿಲಿಮೀಟರಿನ ಬೇರಿಂಗು. ಜಗತ್ತಿನ ಯಾವ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಅದೇ ಅಳತೆಯದು ಸಿಗುತ್ತದೆ. ಸಂಖ್ಯೆಯ ಪಕ್ಕದಲ್ಲಿ ಸಿ3 ಎಂಬ ಗುರುತಿದ್ದರೆ ಒಳಗಿನ ಸಡಿಲು ಹೆಚ್ಚಿರುವ ಬಗೆಯೆಂದು ತಿಳಿದು ಅದನ್ನೇ ಕೇಳಿ ಪಡೆಯಬೇಕು.

ಇನ್ನು ಬೇರೆಲ್ಲೂ ಸಿಗದ ಭಾಗಗಳಿಗೆ ಇಟಲಿಯ ‘ಮೋಸ್ತ್ರಾ ಸ್ಕಾಂಬಿಯೊ’ ಎಂಬ ಹಳೆಯ ಸಾಮಾನಿನ ಸಂತೆಗಳಿವೆ. ಸೆಪ್ಟೆಂಬರಿನಲ್ಲಿ ಇಮೋಲಾದ ರೇಸ್ ಟ್ರ್ಯಾಕಿನಲ್ಲಿ ನಡೆಯುವುದೂ, ಮಿಲಾನಿನ ಹೊರವಲಯದ ನೊವೆಗ್ರೊದಲ್ಲಿ ನಡೆಯುವುದೂ ಹೆಸರಾದವು. ದೂರದಿಂದ ಹುಡುಕುವಾಗ ಇಟಾಲಿಯನ್ ಪದಗಳನ್ನೇ ಬಳಸಬೇಕು. ಬಿಡಿಭಾಗಕ್ಕೆ ರಿಕಾಂಬಿ, ಟ್ಯಾಂಕಿಗೆ ಸೆರ್ಬತೊಯೊ, ಮಡ್‌ಗಾರ್ಡಿಗೆ ಪರಫಾಂಗೊ ಎಂದು ಕೇಳಿದರೆ ತೆರೆದುಕೊಳ್ಳುವ ಸಂಗ್ರಹವೇ ಬೇರೆ. ಏರ್ಮಾಕಿ ಬೈಕಿನವರು ಮಾತ್ರ ಅಮೆರಿಕದ ಕಡೆಗೂ ನೋಡಬೇಕು. 1960ರಲ್ಲಿ ಹಾರ್ಲೆ-ಡೇವಿಡ್‌ಸನ್ ಆ ಕಂಪನಿಯಲ್ಲಿ ಪಾಲು ಕೊಂಡ ಮೇಲೆ ಅದರ ಬೈಕುಗಳು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಹೋಗಿವೆ.

ಬ್ರೇಕ್ ಲೈನಿಂಗು, ಕೇಬಲ್ಲು, ರಬ್ಬರು ಇವನ್ನು ಹೊಸದಾಗಿಯೇ ಹಾಕಬೇಕು. ದಶಕಗಳಿಂದ ಡಬ್ಬಿಯಲ್ಲಿ ಕುಳಿತ ‘ಮೂಲ’ ಬ್ರೇಕ್ ಶೂಗೆ ಹೆಚ್ಚು ಹಣ ಕೊಡುವುದು ವ್ಯರ್ಥ.

ಮೂಲ ಬಣ್ಣವನ್ನು ಪತ್ತೆ ಮಾಡುವುದು

ಬಣ್ಣದ ವಿಷಯದಲ್ಲಿ ಹಳೆಯ ಜಾಹೀರಾತು ಹಾಳೆಗಳನ್ನು ನಂಬಬಾರದು. ಅವು ತೋರಿಸುವುದು ಮುದ್ರಣದ ಶಾಯಿಯನ್ನು. ಯಾವ ಭಾಗಕ್ಕೆ ಯಾವ ಬಣ್ಣವಿತ್ತು ಎಂಬುದಕ್ಕೆ ಅವು ಸಾಕು, ಛಾಯೆಗೆ ಸಾಲವು. 1971ರ ಗುಜ್ಜಿ ವಿ7 ಸ್ಪೋರ್ಟ್‌ನ ಮೊದಲ ಕಂತಿನಲ್ಲಿ ಹಸಿರು ಟ್ಯಾಂಕಿನ ಕೆಳಗೆ ಕೆಂಪು ಫ್ರೇಮ್ ಇತ್ತು, ನಂತರದವುಗಳಲ್ಲಿ ಇರಲಿಲ್ಲ ಎಂಬಂಥ ಸಂಗತಿಗಳನ್ನು ಕಾಗದಪತ್ರಗಳಿಂದ ತಿಳಿಯಬೇಕು. ಆ ಹಸಿರು ಎಂಥದ್ದೆಂಬುದನ್ನು ಬೈಕಿನಿಂದಲೇ ತಿಳಿಯಬೇಕು.

ಬಿಸಿಲು ಮತ್ತು ಪೆಟ್ರೋಲು ತಾಗದ ಜಾಗಗಳಲ್ಲಿ ಬಣ್ಣ ಮಾಸದೆ ಉಳಿದಿರುತ್ತದೆ: ಟ್ಯಾಂಕಿನ ಲಾಂಛನದ ಹಿಂದೆ, ಮೊಣಕಾಲಿನ ರಬ್ಬರಿನ ಕೆಳಗೆ, ಟ್ಯಾಂಕು ಫ್ರೇಮಿನ ಮೇಲೆ ಕೂರುವ ಒಳಗಾಲುವೆಯಲ್ಲಿ, ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ. ಬೈಕಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುವ ಶಂಕೆಯಿದ್ದರೆ, ಮರೆಯಲ್ಲಿರುವ ಒಂದು ಕಡೆ ನಾಣ್ಯದಗಲ ಜಾಗವನ್ನು 1000 ಸಂಖ್ಯೆಯ ವಾಟರ್ ಪೇಪರಿನಿಂದ ನೀರು ಹಾಕುತ್ತಾ ನಿಧಾನವಾಗಿ ಉಜ್ಜಬೇಕು. ನಡುವೆ ಲೋಹ ಕಾಣುವ ಹೊತ್ತಿಗೆ ಅದರ ಸುತ್ತ ಒಂದೊಂದು ಲೇಪವೂ ಮರದ ಕಾಂಡದ ಬಳೆಗಳಂತೆ ತೆರೆದುಕೊಳ್ಳುತ್ತದೆ. ಲೋಹಕ್ಕೆ ಅಂಟಿದ ಬಳೆ ಪ್ರೈಮರಿನದು. ಅದನ್ನು ಸುತ್ತುವರಿದಿರುವುದು, ಹೆಚ್ಚಿನ ಪಕ್ಷ, ಕಾರ್ಖಾನೆಯ ಬಣ್ಣ. ಪ್ರೈಮರಿನ ಬಣ್ಣವನ್ನೂ ಬರೆದಿಟ್ಟುಕೊಳ್ಳಿ. ಕೆಲವು ಕೆಂಪು ಮತ್ತು ಹಳದಿಗಳು ತಳವನ್ನು ಪೂರ್ತಿ ಮುಚ್ಚದ ಕಾರಣ, ಅದೇ ಬಣ್ಣ ಬೂದು ತಳದ ಮೇಲೆ ಒಂದು ಬಗೆ, ಬಿಳಿ ತಳದ ಮೇಲೆ ಇನ್ನೊಂದು ಬಗೆ ಕಾಣುತ್ತದೆ.

ಆ ಕಾಲದ ಬಣ್ಣಗಳಿಗೆ ಲೆಕ್ಲರ್, ಮ್ಯಾಕ್ಸ್‌ಮೇಯರ್ ಮುಂತಾದ ಇಟಾಲಿಯನ್ ತಯಾರಕರ ಸಂಕೇತ ಸಂಖ್ಯೆಗಳು ಸಿಕ್ಕರೆ ಅಲ್ಲಿಂದ ಆರಂಭಿಸಬಹುದು. ಸಂಖ್ಯೆ ಸಿಗದಿದ್ದಲ್ಲಿ, ಮಾಸದೆ ಉಳಿದ ಜಾಗವನ್ನು ಲಘುವಾಗಿ ಪಾಲಿಶ್ ಮಾಡಿ, ಬಣ್ಣದಂಗಡಿಯಲ್ಲಿರುವ, ಛಾಯೆಯನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರದಿಂದ ಅಳೆಸಬೇಕು. ಸಮತಟ್ಟಾದ ಜಾಗವಿಲ್ಲದಿದ್ದರೆ ಆ ಯಂತ್ರ ತಪ್ಪು ಹೇಳುತ್ತದೆ, ಆದ್ದರಿಂದ ಟ್ಯಾಂಕಿನ ಉಬ್ಬಿಗಿಂತ ಪೆಟ್ಟಿಗೆಯ ಮುಚ್ಚಳವೇ ಮೇಲು. ಯಂತ್ರ ಕೊಟ್ಟ ಮಿಶ್ರಣವನ್ನು ನೇರವಾಗಿ ಟ್ಯಾಂಕಿಗೆ ಹೊಡೆಯದೆ, ಅದೇ ಪ್ರೈಮರ್ ಹಚ್ಚಿದ ತಗಡಿನ ತುಂಡಿಗೆ ಹೊಡೆದು, ಪೂರ್ತಿ ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ಮೂಲದ ಪಕ್ಕ ಹಿಡಿದು ನೋಡಬೇಕು. ಒಂದು ಬೆಳಕಿನಲ್ಲಿ ಹೊಂದಿದ ಬಣ್ಣ ಇನ್ನೊಂದರಲ್ಲಿ ಬೇರೆಯಾಗುವುದು ಸಾಮಾನ್ಯ. ಲೋಹದ ಪುಡಿಯಿರುವ ಬಣ್ಣಗಳಲ್ಲಿ ಸ್ಪ್ರೇ ಗನ್ ಹಿಡಿಯುವ ದೂರವೂ ಛಾಯೆಯನ್ನು ಬದಲಿಸುತ್ತದೆ. ಒಣಒಣಗಾಗಿ ಬಿದ್ದದ್ದು ತಿಳಿಯಾಗಿ, ಒದ್ದೆಯಾಗಿ ಬಿದ್ದದ್ದು ಗಾಢವಾಗಿ ಕಾಣುತ್ತದೆ.

ಹಿಂದಿನ ನೈಟ್ರೊಸೆಲ್ಯುಲೋಸ್ ಲ್ಯಾಕರಿನ ಮೃದು ಹೊಳಪು ಇಂದು ಬಣ್ಣದ ಮೇಲೆ ಹೊಡೆಯುವ ದಪ್ಪ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟಿನಿಂದ ಬರುವುದಿಲ್ಲ, ಆದರೆ ಲ್ಯಾಕರು ಚೆಲ್ಲಿದ ಪೆಟ್ರೋಲನ್ನು ತಾಳದು. ಸಾದಾ ಬಣ್ಣಗಳಿಗೆ ಕ್ಲಿಯರ್ ಇಲ್ಲದ, ಗಟ್ಟಿಕಾರಕ ಬೆರೆಸಿ ಹೊಡೆಯುವ ಟೂ-ಕೆ ಬಣ್ಣವನ್ನೇ ಬಳಸಿ, ಕೊನೆಗೆ ಉಜ್ಜಿ ಹೊಳಪನ್ನು ತಗ್ಗಿಸುವುದು ನನಗೆ ಸರಿಯೆನಿಸಿದ ದಾರಿ. ಇದರ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುವುದರಿಂದ ಹೊರಗಿನ ಗಾಳಿ ಪೂರೈಸುವ ಮುಖವಾಡವಿಲ್ಲದೆ ಮನೆಯಲ್ಲಿ ಹೊಡೆಯಕೂಡದು. ಟ್ಯಾಂಕಿನ ಒಳಗಿನ ತುಕ್ಕು ತೆಗೆದು, ಸೋರಿಕೆ ಪರೀಕ್ಷಿಸುವ ಕೆಲಸ ಬಣ್ಣಕ್ಕೆ ಮುಂಚೆಯೇ ಮುಗಿದಿರಬೇಕು. 1974ರ ಡುಕಾಟಿ 750 ಎಸ್‌ಎಸ್‌ನಂಥ ಫೈಬರ್ ಗ್ಲಾಸ್ ಟ್ಯಾಂಕುಗಳನ್ನು ಎಥನಾಲ್ ಬೆರೆತ ಪೆಟ್ರೋಲು ಮೆತ್ತಗಾಗಿಸಿ ಉಬ್ಬಿಸುವುದರಿಂದ, ಅವುಗಳ ಒಳಮೈಗೆ ಎಥನಾಲ್ ತಾಳುವ ಲೇಪ ಹಾಕಿಸಿದ ನಂತರವೇ ಹೊರಗಿನ ಬಣ್ಣದ ಯೋಚನೆ ಮಾಡಬೇಕು.